ಎಡಗಾಲಿಗೆ ಕೆಲಸವಿಲ್ಲದ ಇನ್ನೋವಾ

ಮೆಜೆಸ್ಟಿಕ್ಕಿನಿಂದ ಆನಂದರಾವ್ ಸರ್ಕಲ್ ಕಡೆಗೆ ಹೋಗುವ ದಾರಿಯಲ್ಲಿ ಅಪ್ಪನ ಟ್ಯಾಕ್ಸಿ ಸ್ಟ್ಯಾಂಡ್ ಇದೆ. ಸ್ಟ್ಯಾಂಡ್ ಎಂದರೆ ಚಪ್ಪರವಾಗಲಿ ಬೋರ್ಡಾಗಲಿ ಏನಿಲ್ಲ. ಒಂದು ಟ್ರಾವೆಲ್ಸ್ ಅಂಗಡಿ, ಅದರ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಟೀ ಅಂಗಡಿ, ಪೊಲೀಸರು ಬಂದಾಗ ಒಂದು ಸುತ್ತು ಹೋಗಿ ಮತ್ತೆ ಅಲ್ಲಿಗೇ ಬಂದು ನಿಲ್ಲುವ ಏಳೆಂಟು ಹಳದಿ ಬೋರ್ಡಿನ ಗಾಡಿಗಳು. ಅಂಗಡಿಯ ಗಾಜಿನ ಮೇಲೆ ಕಿಲೋಮೀಟರಿನ ದರಪಟ್ಟಿ ಅಂಟಿಸಿದ್ದಾರೆ: ಸೆಡಾನ್, ಇನ್ನೋವಾ, ಮಿನಿ ಬಸ್. ದಿನಕ್ಕೆ ಕನಿಷ್ಠ 300 ಕಿ.ಮೀ., ಡ್ರೈವರ್ ಬಾಟಾ ಬೇರೆ. ಈ ಪಟ್ಟಿಯಲ್ಲಿ ಮೊದಲನೆಯದೂ ಕೊನೆಯದೂ ವಾಹನದ ಬಗೆಗಳು. ನಡುವಿನದು ಮಾತ್ರ ಒಂದು ಕಂಪನಿ ತನ್ನ ಒಂದು ಗಾಡಿಗೆ ಇಟ್ಟ ಹೆಸರು. ಹೈಸ್ಕೂಲಿನ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅಂಕಿತನಾಮವೊಂದು ಮೆಜೆಸ್ಟಿಕ್ಕಿಗೆ ಬಂದು ರೂಢನಾಮವಾಗಿದೆ.

ಅದಕ್ಕೇ ಇರಬೇಕು, ಇನ್ನೋವಾ ಹೈಕ್ರಾಸ್ ಬಂದಾಗ ಸ್ಟ್ಯಾಂಡಿನಲ್ಲಿ ಎದ್ದ ಮೊದಲ ಪ್ರಶ್ನೆ ಗಾಡಿ ಹೇಗಿದೆ ಎಂಬುದಾಗಿರಲಿಲ್ಲ. ಇದು ಇನ್ನೋವಾನೋ ಅಲ್ಲವೋ ಎಂಬುದಾಗಿತ್ತು. 2022ರ ನವೆಂಬರಿನಲ್ಲಿ ಅದು ಅನಾವರಣವಾಯಿತು, ಡಿಸೆಂಬರಿನ ಕೊನೆಯ ವಾರ ಬೆಲೆ ಪ್ರಕಟವಾಯಿತು. ಇಷ್ಟು ದಿನ ಕಳೆದರೂ ಸ್ಟ್ಯಾಂಡಿನಲ್ಲಿ ಅದರ ಹೆಸರು ಇನ್ನೂ 'ಹೊಸ ಗಾಡಿ'. ಆ ಪ್ರಶ್ನೆಯೂ ಇನ್ನೂ ಇತ್ಯರ್ಥವಾಗಿಲ್ಲ.

ನಾನು ಪಿಎಚ್‌ಡಿಗೆ ಓದುತ್ತಿರುವುದು ವಾಚಕರ ಪತ್ರಗಳನ್ನು. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳ ಬಗ್ಗೆ ಓದುಗರು ಬರೆದ ಪತ್ರಗಳು. ಒಂದೇ ಕಾದಂಬರಿಯ ಒಂದೇ ಕಂತಿಗೆ ಒಬ್ಬರು 'ಕಣ್ಣಲ್ಲಿ ನೀರು ಬಂತು' ಎಂದು ಬರೆದಿರುತ್ತಾರೆ, ಇನ್ನೊಬ್ಬರು 'ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ' ಎಂದು. ಮೊದಲ ವರ್ಷ ನಾನು ಇವರಲ್ಲಿ ಯಾರದ್ದು ಸರಿಯಾದ ಓದು ಎಂದು ತೀರ್ಮಾನಿಸಲು ಹೊರಟಿದ್ದೆ. ಮಾರ್ಗದರ್ಶಕರು ನನ್ನ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದು ಒಂದೇ ಪ್ರಶ್ನೆ: ಪತ್ರ ಬರೆಯುವಾಗ ಇವರು ಎಲ್ಲಿ ಕೂತಿದ್ದರು? ಆ ಪ್ರಶ್ನೆಯನ್ನು ನಾನು ಕಾದಂಬರಿಗಳಿಗಿಂತ ಮೊದಲು ಅರ್ಥ ಮಾಡಿಕೊಂಡಿದ್ದು ಈ ಕಾರಿನಿಂದ. ಚಾಮರಾಜಪೇಟೆಯಲ್ಲಿ ಪರಿಷತ್ತಿನ ಕೆಲಸ ಮುಗಿಸಿ ಅಪ್ಪನಿಗೆ ಊಟದ ಡಬ್ಬಿ ಕೊಡಲು ಸ್ಟ್ಯಾಂಡಿಗೆ ಹೋದಾಗಲೆಲ್ಲ ಹೊಸ ಗಾಡಿಯ ಮಾತು. ಅದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟುಕೊಳ್ಳುತ್ತ ಬಂದೆ.

ಕಥೆ ಸ್ವಲ್ಪ ಹಿಂದಿನಿಂದ ಶುರುವಾಗಬೇಕು. ಟೊಯೋಟಾ ಕಿರ್ಲೋಸ್ಕರ್ ಸ್ಥಾಪನೆಯಾದದ್ದು 1997ರಲ್ಲಿ. ನಾನು ಹುಟ್ಟಿದ ವರ್ಷ ಎಂಬ ಕಾರಣಕ್ಕೆ ಅಪ್ಪನಿಗೆ ಅದು ಚೆನ್ನಾಗಿ ನೆನಪು. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಬಂತು. 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. 2016ರಲ್ಲಿ ಅದೇ ಇನ್ನೋವಾ ದಪ್ಪಗಾಗಿ, ಹೊಳಪಾಗಿ, ಕ್ರಿಸ್ಟಾ ಆಯಿತು. ಈ ಮೂರಕ್ಕೂ ಅಡಿಯಲ್ಲಿದ್ದದ್ದು ಲಾರಿಗಿರುವಂಥದ್ದೇ ವ್ಯವಸ್ಥೆ: ಏಣಿಯಾಕಾರದ ಉಕ್ಕಿನ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ. ಮುಂದೆ ಕುಳಿತು ದುಡಿಯುವವನಿಗೂ ಹಿಂದೆ ಕುಳಿತು ದೇವರ ದರ್ಶನಕ್ಕೆ ಹೋಗುವವರಿಗೂ ಒಂದೇ ಗಾಡಿ ಒಪ್ಪಿಗೆಯಾದದ್ದು ಕ್ವಾಲಿಸ್ ಮತ್ತು ಇನ್ನೋವಾಗಳ ಹೆಚ್ಚುಗಾರಿಕೆ. ಮಂತ್ರಿಗಳ ಬೆಂಗಾವಲಿಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ, ಏರ್‌ಪೋರ್ಟಿಗೂ ಅದೇ. ಬಿಳಿ ಬೋರ್ಡಿನ ಇನ್ನೋವಾಕ್ಕೂ ಹಳದಿ ಬೋರ್ಡಿನದಕ್ಕೂ ನಂಬರ್ ಪ್ಲೇಟು ಬಿಟ್ಟರೆ ಸೀಟ್ ಕವರಿನಷ್ಟೇ ವ್ಯತ್ಯಾಸ.

ಹೈಕ್ರಾಸ್ ಇದನ್ನು ಬುಡದಿಂದ ಬದಲಿಸಿತು. ಚಾಸಿ ಹೋಗಿ ಬಾಡಿಯೇ ಒಂದು ಇಡೀ ಚಿಪ್ಪಾಯಿತು. ಬಲ ಮುಂದಿನ ಚಕ್ರಗಳಿಗೆ ಬಂತು. ಡೀಸೆಲ್ ಎಂಜಿನ್ ಇಲ್ಲ. ಎರಡು ಲೀಟರಿನ ಪೆಟ್ರೋಲ್ ಎಂಜಿನ್ ಒಂಟಿಯಾಗಿ, ಅಥವಾ ವಿದ್ಯುತ್ ಮೋಟಾರಿನ ಜೊತೆಗೂಡಿ ಹೈಬ್ರಿಡ್ಡಾಗಿ. ಹೈಬ್ರಿಡ್ಡಿನ ಬ್ಯಾಟರಿಗೆ ಪ್ಲಗ್ ಹಾಕುವ ಕೆಲಸವಿಲ್ಲ, ಎಂಜಿನ್ ಓಡುವಾಗ ಮತ್ತು ಬ್ರೇಕ್ ಒತ್ತಿದಾಗ ಅದು ತಾನೇ ತುಂಬಿಕೊಳ್ಳುತ್ತದೆ. ನೋಟದಲ್ಲೂ ಹಳೆಯ ವ್ಯಾನಿನ ಸೌಮ್ಯ ಮುಖ ಹೋಗಿ ಎಸ್‌ಯುವಿಯ ಎದೆಯುಬ್ಬಿದ ನಿಲುವು. ಹೆಸರಿನಲ್ಲಿರುವ 'ಕ್ರಾಸ್' ಇದನ್ನೇ ಸೂಚಿಸುತ್ತದೆ: ಎರಡು ಬಗೆಗಳ ನಡುವಿನದು.

ಕ್ರಾಸ್ ಎಂದರೆ ಮಲ್ಲೇಶ್ವರದವರಿಗೆ ಅಡ್ಡರಸ್ತೆ. ಸ್ಟ್ಯಾಂಡಿನಲ್ಲಿರುವ ಮದ್ದೂರಿನ ಕಡೆಯ ಹಿರಿಯ ಡ್ರೈವರೊಬ್ಬರಿಗೆ ಅದು ಹಸು. "ಕ್ರಾಸ್ ಹಸು ಇದ್ದಂಗೆ ಕಣಮ್ಮ. ಹಾಲು ಜಾಸ್ತಿ ಕೊಡ್ತದೆ, ಬಿಸ್ಲು ತಡ್ಯಲ್ಲ" ಎಂದರು. ಆ ಗಾಡಿಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಅಡಕವಾದದ್ದು ಇನ್ನೊಂದಿಲ್ಲ. ಹಾಲು ಎಂದರೆ ಮೈಲೇಜು: ಹೈಬ್ರಿಡ್ಡಿಗೆ ಎಆರ್‌ಎಐ ಪ್ರಮಾಣೀಕರಿಸಿದ ಲೆಕ್ಕ ಲೀಟರಿಗೆ 23.24 ಕಿ.ಮೀ. ಬಿಸಿಲು ಎಂದರೆ ಅವರ ದುಡಿಮೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಪಾದ್ರಿಯ ಬೈಸಿಕಲ್ಲು ನೆನಪಿರುತ್ತದೆ. ಮಲೆನಾಡಿನ ಜನ ಅದನ್ನು 'ಬೀಸೆಕಲ್ಲು' ಮಾಡಿಕೊಳ್ಳುತ್ತಾರೆ. ನಾವು ತರಗತಿಯಲ್ಲಿ ಅದನ್ನು ಮುಗ್ಧತೆಯ ಹಾಸ್ಯವಾಗಿ ಓದಿ ನಕ್ಕಿದ್ದೆವು. ಈಗ ನನಗದು ಬೇರೆಯಾಗಿ ಕಾಣುತ್ತದೆ. ಕಾಣದ ವಸ್ತುವನ್ನು ಜನ ತಮ್ಮ ಮನೆಯಲ್ಲಿ ತಿರುಗುವ ವಸ್ತುವಿನ ಮೇಲೆ ಕೂರಿಸಿ ನೋಡುತ್ತಾರೆ, ತೂಕ ಗೊತ್ತಾಗಲಿ ಅಂತ. ಕಾದಂಬರಿ ಪ್ರಕಟವಾದ 1967ರಲ್ಲೇ ಜರ್ಮನಿಯಲ್ಲಿ ಹಾನ್ಸ್ ರಾಬರ್ಟ್ ಯೌಸ್ ತನ್ನ ಪ್ರಸಿದ್ಧ ಉಪನ್ಯಾಸ ಮಾಡಿದ್ದು, ಪ್ರತಿ ಓದುಗನೂ ಕೃತಿಯ ಹತ್ತಿರ ಬರುವಾಗ ತನ್ನದೇ ಒಂದು ನಿರೀಕ್ಷಾ ದಿಗಂತವನ್ನು ಹೊತ್ತು ತರುತ್ತಾನೆ ಎಂಬ ಮಾತಿಗೆ ಪ್ರಚಾರ ಕೊಟ್ಟದ್ದು. ನಮ್ಮ ಸಂಶೋಧನಾ ಪ್ರಬಂಧಗಳಲ್ಲಿ ಯೌಸ್‌ಗೆ ತಪ್ಪದೆ ಒಂದು ಪ್ಯಾರಾ ಇರುತ್ತದೆ. ಕ್ರಾಸ್ ಹಸುವಿಗೆ ಇರುವುದಿಲ್ಲ.

ನೋಟ್‌ಬುಕ್ಕಿನಿಂದ ಇನ್ನೂ ಕೆಲವು. ಬಸವನಗುಡಿಯ ನಿವೃತ್ತ ಬ್ಯಾಂಕ್ ಅಧಿಕಾರಿ, ಅಪ್ಪನ ಹಳೆಯ ಗಿರಾಕಿ, ಈಗ ಹೈಕ್ರಾಸಿನ ಮಾಲೀಕರು: "ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಬದುಕಿದೆಯೋ ಇಲ್ಲವೋ ಅಂತ ಅನುಮಾನ ಬರುತ್ತೆ, ಅಷ್ಟು ನಿಶ್ಶಬ್ದ." ಅವರ ಸೊಸೆ: "ಒಮ್ಮೆಲೇ ಒತ್ತಿದರೆ ಎಂಜಿನ್ ಒಂದೇ ಶ್ರುತಿಯಲ್ಲಿ ಕಿರುಚುತ್ತೆ, ಇಷ್ಟು ದುಡ್ಡು ಕೊಟ್ಟು ಅದನ್ನ ಕೇಳಬೇಕಾ?" ಇಬ್ಬರೂ ಹೇಳುತ್ತಿರುವುದು ಒಂದೇ ಗಾಡಿಯನ್ನು, ಒಂದೇ ಮನೆಯಲ್ಲಿ ನಿಲ್ಲುವುದನ್ನು. ಮಾವ ಗಾಂಧಿ ಬಜಾರಿಗೆ ಹೋಗುತ್ತಾರೆ, ಸೊಸೆ ಹೊರವರ್ತುಲ ರಸ್ತೆಯ ಆಫೀಸಿಗೆ. ಸ್ಟ್ಯಾಂಡಿನ ಇನ್ನೊಬ್ಬ ಹುಡುಗ: "ಚಾಸಿ ಇಲ್ದಿರೋ ಗಾಡಿಗೆ ಇನ್ನೋವಾ ಅಂತ ಹೆಸ್ರಿಟ್ರೆ ಆಗೋಯ್ತಾ ಗುರು?" ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಯವರು: "ಹೊಸದಕ್ಕೇ ಕವರ್ ಹಾಕಿಸ್ತಾರೆ, ಕೂತ್ಕೊಂಡು ಹಳೇದನ್ನೇ ಹೊಗಳ್ತಾರೆ."

ಜೆ.ಸಿ. ರಸ್ತೆಯ ವಿಷಯ ಬಂದದ್ದರಿಂದ ಒಂದು ಮಾತು. ರವೀಂದ್ರ ಕಲಾಕ್ಷೇತ್ರ ಇರುವುದೂ ಈ ರಸ್ತೆಯಲ್ಲೇ, ಕನ್ನಡ ಭವನವೂ ಅಲ್ಲೇ. ನಾಟಕಕ್ಕೆ, ಪುಸ್ತಕ ಬಿಡುಗಡೆಗೆ ಬರುವ ನಾವೆಲ್ಲ ಬಿಡಿಭಾಗ, ಹಾರನ್ನು, ಫ್ಲೋರ್ ಮ್ಯಾಟುಗಳ ಸಾಲು ಅಂಗಡಿಗಳನ್ನು ದಾಟಿಯೇ ಒಳಗೆ ಹೋಗುವುದು. ಕಲಾಕ್ಷೇತ್ರದ ಒಳಗೆ ಅಭಿರುಚಿ, ಹೊರಗೆ ವ್ಯಾಪಾರ ಎಂದುಕೊಂಡು ಬೆಳೆದವಳು ನಾನೂ. ರೋಲಾ ಬಾರ್ತ್ ಹಾಗೆ ಅಂದುಕೊಳ್ಳಲಿಲ್ಲ. 1955ರ ಪ್ಯಾರಿಸ್ ಪ್ರದರ್ಶನದಲ್ಲಿ ಬಂದ ಸಿಟ್ರೋಯೆನ್ ಡಿಎಸ್ ಕಾರಿನ ಬಗ್ಗೆ ಅವನು ಬರೆದ ಪುಟ್ಟ ಲೇಖನ 'ಮಿಥಾಲಜೀಸ್' ಪುಸ್ತಕದಲ್ಲಿದೆ. ಅಷ್ಟು ಹೊತ್ತು ದೇವತೆಯಂತೆ ಹೊಳೆಯುತ್ತ ನಿಂತಿದ್ದ ಕಾರನ್ನು ಜನ ಬಂದು ಮುಟ್ಟಿ, ತಟ್ಟಿ, ಸೀಟು ಒತ್ತಿ, ಬಾಗಿಲು ಸವರಿ ತಮ್ಮದಾಗಿಸಿಕೊಳ್ಳುವುದನ್ನು ಅವನು ಗಮನಿಸುತ್ತಾನೆ. ಒಳ್ಳೆಯ ಲೇಖನ. ಆದರೆ ಅವನು ನೋಡಿದ ಕೈಗಳೆಲ್ಲ ಕೊಳ್ಳುವ ಅಥವಾ ಕೊಳ್ಳುವ ಕನಸು ಕಾಣುವ ಕೈಗಳು. ಇನ್ನೊಬ್ಬರ ಕುಟುಂಬವನ್ನು ಹೊತ್ತೊಯ್ಯುವುದಕ್ಕಾಗಿ ಸ್ಟಿಯರಿಂಗ್ ಹಿಡಿಯುವ ಕೈ ಆ ಲೇಖನದಲ್ಲಿ ಸಿಗುವುದಿಲ್ಲ.

ಕನ್ನಡದಲ್ಲಿ ಈಗ ಕಾರು ವಿಮರ್ಶೆಯ ವಿಡಿಯೋಗಳು ಹೇರಳವಾಗಿವೆ. ಹೈಕ್ರಾಸಿನ ಬಗ್ಗೆ ಹತ್ತಾರು ನೋಡಿದೆ. ಹುಡುಗರು ಲವಲವಿಕೆಯಿಂದ ಮಾತಾಡುತ್ತಾರೆ, ಮಾಹಿತಿಯೂ ಇರುತ್ತದೆ. ತಕರಾರಿರುವುದು ಕ್ರಮದ ಬಗ್ಗೆ. ಮುಂಭಾಗ, ಪಕ್ಕ, ಹಿಂಭಾಗ, ಡಿಕ್ಕಿ, ಒಳಗೆ, ಓಡಿಸಿದ ಅನುಭವ, ತೀರ್ಪು. ಎಲ್ಲ ಗಾಡಿಗೂ ಇದೇ ಮೆರವಣಿಗೆ. ನಮ್ಮ ಪುಸ್ತಕ ವಿಮರ್ಶೆಗಳಲ್ಲೂ ಹೀಗೇ ಅಲ್ಲವೆ: ಮುಖಪುಟ, ಕಥಾಸಾರ, ಪಾತ್ರಗಳು, ಭಾಷೆ, ಅಚ್ಚಿನ ತಪ್ಪು, 'ಲೇಖಕರಿಂದ ಇನ್ನಷ್ಟು ನಿರೀಕ್ಷಿಸಬಹುದು'. ವಸ್ತುವಿನ ಸುತ್ತ ಪ್ರದಕ್ಷಿಣೆ ಹಾಕಿದರೆ ವಿಮರ್ಶೆಯಾಯಿತೆಂಬ ನಂಬಿಕೆ ಎರಡೂ ಕಡೆ ಇದೆ. ಭಾಷೆಯಲ್ಲಂತೂ ವಿಡಿಯೋಗಳಿಗಿಂತ ಸ್ಟ್ಯಾಂಡೇ ಮುಂದಿದೆ. 'ಪ್ರೀಮಿಯಂ ಫೀಲ್', 'ರೈಡ್ ಕ್ವಾಲಿಟಿ' ಎಂದು ವಿಡಿಯೋದವರು ನಿಲ್ಲಿಸುವಲ್ಲಿ ಡ್ರೈವರುಗಳು ಶುರು ಮಾಡುತ್ತಾರೆ: ಗಾಡಿ ಏರಿನಲ್ಲಿ ಉಸಿರು ಕಟ್ಟುತ್ತೆ, ಹಳ್ಳಕ್ಕೆ ಇಳಿದರೆ ಎತ್ತಿ ಹಾಕುತ್ತೆ, ತಿರುವಿನಲ್ಲಿ ಸೊಂಟ ತಿರುಗಿಸುತ್ತೆ, ನೂರರ ಮೇಲೆ ನೆಲ ಕಚ್ಚುತ್ತೆ.

ಇಷ್ಟೆಲ್ಲ ವಿಡಿಯೋಗಳಲ್ಲಿ ಮತ್ತೆ ಮತ್ತೆ ಬರುವ ಪದ 'ಫ್ಯಾಮಿಲಿ ಕಾರು'. ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ಒಟ್ಟಿಗೆ ಓದಿದ ದಿನ ನನಗೆ ಹೊಳೆದದ್ದು, ಜನರ ಅಭಿಪ್ರಾಯಗಳು ಒಡೆಯುತ್ತಿರುವುದು ಈ ಪದದ ಮೇಲೆ ಎಂದು. ರುಚಿಭೇದ ಅಂದುಕೊಂಡದ್ದು ಬಹುಮಟ್ಟಿಗೆ ಸೀಟಿನ ಭೇದ. ಇದಕ್ಕೆ ಗಾಡಿಯಲ್ಲೇ ಸಾಕ್ಷಿಯಿದೆ. ಹೈಕ್ರಾಸಿನಲ್ಲಿ ಕ್ಲಚ್ ಇಲ್ಲ, ಕೈಯಿಂದ ಬದಲಿಸುವ ಗೇರ್ ಇಲ್ಲ. ಯಾವ ಬೆಲೆಯದನ್ನು ಕೊಂಡರೂ ಆಟೋಮ್ಯಾಟಿಕ್ಕೇ. ಅದು ಬಂದ ಮೇಲೆ ಕ್ರಿಸ್ಟಾ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿದ್ದಾಗ, 2023ರ ಮೊದಲ ತಿಂಗಳುಗಳಲ್ಲಿ ಕ್ರಿಸ್ಟಾ ಮರಳಿ ಬಂತು, 19 ಲಕ್ಷದ ಆಸುಪಾಸಿನ ಆರಂಭ ಬೆಲೆಗೆ. ಮರಳಿ ಬಂದ ಕ್ರಿಸ್ಟಾದಲ್ಲಿ ಡೀಸೆಲ್ ಎಂಜಿನ್ ಮಾತ್ರ, ಕೈ ಗೇರ್ ಮಾತ್ರ. ಹಿಂದೆ ಕ್ರಿಸ್ಟಾದಲ್ಲೂ ಆಟೋಮ್ಯಾಟಿಕ್ ಸಿಗುತ್ತಿತ್ತು, ಈಗ ಅದನ್ನು ತೆಗೆದಿದ್ದರು. ಅಂದರೆ ಇನ್ನೋವಾ ಎಂಬ ಒಂದು ಹೆಸರಿನ ಕೆಳಗೆ ಎರಡು ಗಾಡಿ: ತನ್ನದನ್ನು ತಾನೇ ಓಡಿಸುವವನಿಗೆ ಗೇರ್ ಇಲ್ಲದ್ದು, ಇನ್ನೊಬ್ಬರಿಗಾಗಿ ಓಡಿಸುವವನಿಗೆ ಗೇರ್ ಇರುವುದು. ಇದನ್ನು ಸಂಚು ಎಂದು ನಾನು ಹೇಳುತ್ತಿಲ್ಲ, ಕಂಪನಿ ಯಾರು ಏನು ಕೊಳ್ಳುತ್ತಾರೆಂದು ನೋಡಿ ಮಾಡಿದ ಲೆಕ್ಕ ಅಷ್ಟೇ. ಆದರೂ ಹದಿನೇಳು ವರ್ಷ ಒಂದೇ ಗಾಡಿಯಲ್ಲಿ ಕೂತಿದ್ದವರು ಎರಡು ಗಾಡಿಗಳಿಗೆ ಹಂಚಿಹೋದರು. ಅವರ ಮಾತು ಹೊಂದದೆ ಇರುವುದರಲ್ಲಿ ಆಶ್ಚರ್ಯವೇನಿಲ್ಲ.

ವಾರಂಟಿಯನ್ನೇ ನೋಡಿ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಬಸವನಗುಡಿಯ ಬ್ಯಾಂಕ್ ಅಧಿಕಾರಿ ಈ ವಾಕ್ಯದಲ್ಲಿ ಓದುವುದು ಎಂಟು ವರ್ಷವನ್ನು. ತಿಂಗಳಿಗೆ ಐದು ಸಾವಿರ ಕಿ.ಮೀ. ಓಡಿಸುವ ಅಪ್ಪ ಓದುವುದು ಎರಡನೆಯ ಅಂಕಿಯನ್ನು. ಅವರಿಗದು ಮೂವತ್ತೆರಡು ತಿಂಗಳು. ಆಮೇಲೆ? 'ಬ್ಯಾಟರಿ ಹೋದ್ರೆ?' ಎಂದು ಸ್ಟ್ಯಾಂಡಿನವರು ಕೇಳಿದಾಗ ಮಾಲೀಕರಿಗೆ ಅದು ಅಜ್ಞಾನದ ಭಯವಾಗಿ ಕಾಣುತ್ತದೆ. ಒಂದೇ ವಾಕ್ಯದ ಎರಡು ಓದು, ಎರಡೂ ಅಕ್ಷರಶಃ ಸರಿ. ಮೈಲೇಜಿನ ಕಥೆಯೂ ಹಾಗೇ. ಇಂಥ ಹೈಬ್ರಿಡ್ ಗಾಡಿ ನಿಂತು ನಿಂತು ಹೋಗುವ ರಸ್ತೆಯಲ್ಲಿ ಹೆಚ್ಚು ಉಳಿಸುತ್ತದೆ, ಏಕೆಂದರೆ ಪ್ರತಿ ಬ್ರೇಕಿಗೂ ಬ್ಯಾಟರಿಗೆ ಒಂದು ಗುಟುಕು ಸಿಗುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವನಿಗೆ ಆ ಲಾಭ ಕಡಿಮೆ. ಊರಾಚೆಯ ಟ್ರಿಪ್ಪನ್ನೇ ನಂಬಿದವರಿಗೆ ಅದರ ಹಾಲು ಅಷ್ಟು ಸಿಗುವುದಿಲ್ಲ. ಬೆಲೆಯಂತೂ ಹೇಳಿ ಸುಖವಿಲ್ಲ. ಬಂದಾಗಲೇ ಶೋರೂಂ ಬೆಲೆ 18.30 ಲಕ್ಷದಿಂದ 28.97 ಲಕ್ಷದವರೆಗೆ, ಹೈಬ್ರಿಡ್ ಬೇಕೆಂದರೆ 24 ಲಕ್ಷ ದಾಟಬೇಕಿತ್ತು. 20 ಲಕ್ಷದ ಮೇಲಿನ ಸ್ವಂತ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇ. 18.

ಈಗ ಮಲ್ಲೇಶ್ವರದ ಮನೆಯ ವಿಷಯ. ಅದಕ್ಕಾಗಿಯೇ ಈ ಲೇಖನ ಬರೆಯಲು ಕೂತದ್ದು.

ಹನ್ನೆರಡು ವರ್ಷಗಳಿಂದ ಆ ಮನೆಯವರು ಎಲ್ಲಿಗೇ ಹೋಗಲಿ ಅಪ್ಪನ ಗಾಡಿಯೇ. ವರ್ಷಕ್ಕೊಮ್ಮೆ ಧರ್ಮಸ್ಥಳ, ಸುಬ್ರಹ್ಮಣ್ಯ, ಬೇಸಿಗೆಯಲ್ಲಿ ಶೃಂಗೇರಿ. ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಮದುವೆಯಾಗದ ಮಗಳು, ಅಜ್ಜಿಯನ್ನು ನೋಡಿಕೊಳ್ಳುವ ಹೆಂಗಸು. ಏಳು ಜನ, ಅಪ್ಪನ ಜೊತೆ ಎಂಟು. ಅಜ್ಜಿಗೆ ಮಂಡಿನೋವು. ಚಾಸಿಯ ಮೇಲೆ ಕೂತ ಗಾಡಿಯ ನೆಲ ಎತ್ತರ, ಹತ್ತುವುದು ಕಷ್ಟ. ಅದಕ್ಕೆ ಅಪ್ಪ ಹಲಸಿನ ಮರದ ಒಂದು ದಪ್ಪ ಮಣೆ ಮಾಡಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು. ಗಾಡಿ ನಿಂತ ಕೂಡಲೇ ಇಳಿದು ಬಂದು ಮಣೆ ಹಾಕಿ, ಅಜ್ಜಿಯ ತೋಳಿಗೆ ಕೈ ಕೊಡಬೇಕು. ಅಜ್ಜಿ ಪ್ರತಿ ಸಲವೂ "ಏನಪ್ಪಾ, ನಿನಗೆ ಇದೊಂದು ಕೆಲಸ" ಎನ್ನುವರು.

ಆ ಮನೆಯವರು ಹೈಕ್ರಾಸ್ ಕೊಂಡರು. ಎಲ್ಲಕ್ಕಿಂತ ಮೇಲಿನ ದರ್ಜೆಯದು, ಮೇಲೆ ಗಾಜಿನ ಚಾವಣಿ, ನಡುವಿನ ಸಾಲಿನಲ್ಲಿ ಕಾಲು ಚಾಚಿ ಮಲಗುವಂಥ ಎರಡು ಸೀಟು. ಕೆಳಗಿನ ದರ್ಜೆಗಳಲ್ಲಿ ಎಂಟು ಸೀಟಿನದೂ ಸಿಗುತ್ತದೆ, ಈ ದರ್ಜೆಯಲ್ಲಿ ಏಳೇ. ಸಾಕು ಎಂದು ಅವರು ಲೆಕ್ಕ ಹಾಕಿದ್ದು ಸರಿಯಾಗಿಯೇ ಇತ್ತು. ಮನೆಯಲ್ಲಿ ಏಳು ಜನ. ಗೇರ್ ಇಲ್ಲದ್ದರಿಂದ ಮಗನೇ ಓಡಿಸುತ್ತಾರೆ, ಸೊಸೆಯೂ ಓಡಿಸುತ್ತಾರೆ. ಎಂಟನೆಯ ಸೀಟು ಯಾರಿಗೆ? ಅವರು ಫೋನ್ ಮಾಡಿ ಅಪ್ಪನಿಗೇ ಮೊದಲು ಹೇಳಿದರು, ಪೂಜೆಗೆ ಕರೆದರು, ಸಿಹಿ ಕೊಟ್ಟು ಕಳಿಸಿದರು. ಒಳ್ಳೆಯ ಜನ. ವರ್ಷಕ್ಕೆ ಐದಾರು ದೊಡ್ಡ ಟ್ರಿಪ್ಪು ಅಪ್ಪನಿಗೆ ಅಲ್ಲಿಗೆ ನಿಂತವು.

ಅಜ್ಜಿಯ ಅಭಿಪ್ರಾಯವನ್ನು ಅಪ್ಪ ಆ ಪೂಜೆಯ ದಿನವೇ ತಂದಿದ್ದರು. ಹೊಸ ಗಾಡಿಯ ನೆಲ ತಗ್ಗು. ಅಜ್ಜಿ ಬಾಗಿಲ ಹಿಡಿಕೆ ಹಿಡಿದು ತಾವೇ ಹತ್ತಿ ಕೂತು, "ನೋಡಪ್ಪಾ, ನಿನ್ನ ಮಣೆ ಬೇಡವಾಯ್ತು" ಎಂದು ಮಗುವಿನಂತೆ ನಕ್ಕರಂತೆ. ನಾನು ಹೈಕ್ರಾಸಿನ ಮೇಲೆ ಕೇಳಿದ ಪ್ರಶಂಸೆಗಳಲ್ಲಿ ನನಗೆ ಪೂರ್ತಿ ನಂಬಿಕೆಯಿರುವುದು ಇದೊಂದರಲ್ಲಿ. ವಿಡಿಯೋಗಳು ಇದನ್ನು 'ಹತ್ತಿ ಇಳಿಯಲು ಸುಲಭ' ಎಂದು ಅರ್ಧ ವಾಕ್ಯದಲ್ಲಿ ಮುಗಿಸುತ್ತವೆ. ಎಂಬತ್ತು ದಾಟಿದ ಹೆಂಗಸೊಬ್ಬಳು ಇನ್ನೊಬ್ಬರ ಕೈ ಹಿಡಿಯದೆ ಕಾರು ಹತ್ತುವುದು ಅರ್ಧ ವಾಕ್ಯದ ವಿಷಯವಲ್ಲ. ಹಾಗೆ ಹತ್ತಿದಾಗ ಬೇಡವಾದ ಕೈ ನನ್ನ ಅಪ್ಪನದು ಎಂಬುದೂ ನನಗೆ ಗೊತ್ತು. ಈ ಎರಡನ್ನೂ ಒಂದೇ ವಿಮರ್ಶೆಯಲ್ಲಿ ಬರೆಯುವುದು ಹೇಗೆ ಎಂಬುದೇ ನನಗಿದ್ದ ತೊಡಕು.

ಹಳೆಯ ಇನ್ನೋವಾದ ಪರವಾಗಿ ಕಣ್ಣೀರು ಹಾಕಿ ಮುಗಿಸುವುದು ಸುಲಭವಿತ್ತು. ಒಂದು ಕರಡಿನಲ್ಲಿ ಹಾಗೇ ಬರೆದೆ. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತ ಕೇಳಿಸಿಕೊಂಡು, "ನಿಮ್ಮಪ್ಪನ ಗಾಡೀಲಿ ಹಿಂದಿನ ಸೀಟಲ್ಲಿ ಕೂತು ನೋಡು ಆಮೇಲೆ ಬರಿ" ಎಂದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸೆಕೆಂಡ್ ಹ್ಯಾಂಡ್ ಇನ್ನೋವಾ ತೆಗೆದುಕೊಂಡ ಹೊಸತರಲ್ಲಿ ನಾವು, ಚಿಕ್ಕಪ್ಪನ ಮನೆಯವರು ಎಲ್ಲ ಸೇರಿ ಧರ್ಮಸ್ಥಳಕ್ಕೆ ಹೋಗಿದ್ದೆವು. ಮುಂದೆ ತಾತ, ನಡುವೆ ಗಂಡಸರು ಮತ್ತು ನಾವು ಮಕ್ಕಳು, ಮೂರನೇ ಸಾಲಿನಲ್ಲಿ ಅಮ್ಮ, ಚಿಕ್ಕಮ್ಮ, ತಿಂಡಿಯ ಪಾತ್ರೆಗಳು. ಚಾರ್ಮಾಡಿಯ ತಿರುವುಗಳಲ್ಲಿ ಅಮ್ಮ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡೇ ಇಳಿದರು. ಮಂಡಿ ಎದೆಗೆ ಬರುವಂತೆ ಮಡಿಸಿಕೊಂಡು ಕೂತ ಆ ಸಾಲಿನಿಂದ ಹೊರಗೆ ಕಾಣುವುದು ಮುಂದಿನವರ ತಲೆ ಮಾತ್ರ. ಇನ್ನೋವಾ ಮನೆಮಂದಿಯ ಗಾಡಿ ಎಂದು ಹೆಸರಾದ ಅಷ್ಟೂ ವರ್ಷ ಮೂರನೇ ಸಾಲಿನವರ ಅಭಿಪ್ರಾಯವನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿರಲಿಲ್ಲ. ಹೈಕ್ರಾಸಿನಲ್ಲಿ ಆ ಸಾಲಿಗೆ ಹೆಚ್ಚು ಜಾಗವಿದೆ. ಅದನ್ನೂ ಬರೆಯಬೇಕು. ಡೀಸೆಲ್ ಇಲ್ಲದಿರುವುದಕ್ಕೆ ಸ್ಟ್ಯಾಂಡಿನವರು ಎಷ್ಟೇ ಬೈದರೂ, ಸಂಜೆ ಏಳರ ಮೆಜೆಸ್ಟಿಕ್ಕಿನಲ್ಲಿ ಹತ್ತು ನಿಮಿಷ ನಿಂತು ಮೂಗು ಒರೆಸಿಕೊಂಡ ಕರ್ಚೀಫು ಬೇರೆಯದನ್ನೇ ಹೇಳುತ್ತದೆ.

ಕಳೆದ ಮಳೆಗಾಲ ಕಳೆದ ಮೇಲೆ ಮಲ್ಲೇಶ್ವರದಿಂದ ಮತ್ತೆ ಫೋನ್ ಬಂತು. ಮಗನಿಗೆ ಬೆನ್ನು ಹಿಡಿದಿದೆ, ಡಾಕ್ಟರು ಓಡಿಸಬೇಡಿ ಎಂದಿದ್ದಾರೆ, ಸೊಸೆಗೆ ಘಾಟಿ ಭಯ. ಧರ್ಮಸ್ಥಳದ ಹರಕೆ ತಪ್ಪಿಸುವಂತಿಲ್ಲ. ಆಕ್ಟಿಂಗ್ ಡ್ರೈವರ್ ಆಗಿ ಬರುತ್ತೀರಾ? ಆಕ್ಟಿಂಗ್ ಅಂದರೆ ಗಾಡಿ ಅವರದು, ಕೈ ನಮ್ಮದು, ಬಾಟಾ ಮಾತ್ರ. ಅಪ್ಪ ಹೋದರು. ಏಳು ಸೀಟಿನ ಗಾಡಿಗೆ ಎಂಟು ಜನವಾದದ್ದರಿಂದ ಅಜ್ಜಿಯನ್ನು ನೋಡಿಕೊಳ್ಳುವ ಹೆಂಗಸು ಮನೆಯಲ್ಲಿ ಉಳಿದರು. ದೇವಸ್ಥಾನದ ಮೆಟ್ಟಿಲಲ್ಲಿ ಅಜ್ಜಿಯ ತೋಳು ಹಿಡಿಯುವ ಕೆಲಸ ಮತ್ತೆ ಅಪ್ಪನಿಗೇ ಬಂತು.

ಮೂರನೆಯ ದಿನ ರಾತ್ರಿ ಮನೆಗೆ ಬಂದ ಅಪ್ಪನನ್ನು ನಾನು ಬಿಡಲಿಲ್ಲ. ನೋಟ್‌ಬುಕ್ ಹಿಡಿದೇ ಕೂತೆ.

"ಗುಂಡಿ ಒತ್ತಿದೆ, ಸದ್ದೇ ಇಲ್ಲ. ಸ್ಟಾರ್ಟ್ ಆಯ್ತೋ ಇಲ್ವೋ ಗೊತ್ತಾಗ್ಲಿಲ್ಲ. ಯಜಮಾನ್ರು ಹಿಂದಿನಿಂದ, 'ಆಗಿದೆ, ಹೊರಡಿ' ಅಂದ್ರು. ಇಷ್ಟು ವರ್ಷದಲ್ಲಿ ಗಾಡಿ ಸ್ಟಾರ್ಟ್ ಆಗಿದೆ ಅಂತ ಇನ್ನೊಬ್ರು ನನಗೆ ಹೇಳಿದ್ದು ಇದೇ ಮೊದಲು."

ಘಾಟಿಯಲ್ಲಿ?

"ಶಿರಾಡೀಲಿ ತುಂಬಿದ ಗಾಡಿ ಏನಾಗುತ್ತೋ ಅಂತಿದ್ದೆ. ಏನೂ ಆಗ್ಲಿಲ್ಲ. ಎಳ್ಕೊಂಡು ಹೋಯ್ತು."

ಸ್ಟ್ಯಾಂಡಿನಲ್ಲಿ ಇಷ್ಟು ದಿನ ಅಪ್ಪನೂ ಹೇಳುತ್ತ ಬಂದದ್ದಕ್ಕೆ ಇದು ವಿರುದ್ಧವಾಗಿತ್ತು. ಹಾಗಂತ ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಎಡಗಾಲನ್ನು ಮುಂದಕ್ಕೆ ಚಾಚಿ ಮಂಡಿ ಸವರಿಕೊಂಡರು. ಅವರಿಗೂ ಮಂಡಿನೋವು ಶುರುವಾಗಿ ಎರಡು ವರ್ಷ. "ಇದಕ್ಕೆ ಕೆಲ್ಸವೇ ಇಲ್ಲ ಕಣಮ್ಮ ಅಲ್ಲಿ. ಹಾಸನ ದಾಟೋವರೆಗೂ ಕ್ಲಚ್ ಹುಡುಕ್ತಾನೇ ಇತ್ತು. ಎಲ್ಲಿಡ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ ಕಾಲನ್ನ. ಆದ್ರೆ ಬರೋವಾಗ ನೋವಿರ್ಲಿಲ್ಲ."

ಇದಾದ ಮೇಲೆ ನಾನು ಅಪ್ಪನಿಗೆ ನನ್ನ ವಾದವನ್ನು ವಿವರಿಸಿದೆ: ಗೇರ್ ಇರುವ ಇನ್ನೋವಾ, ಗೇರ್ ಇಲ್ಲದ ಇನ್ನೋವಾ, ಸೀಟಿನ ಭೇದ. ಅಪ್ಪ ಒಪ್ಪಲಿಲ್ಲ. ಸ್ಟ್ಯಾಂಡಿನಲ್ಲಿ ನಾಳೆ ಎಲ್ಲರೂ ಹೈಕ್ರಾಸೇ ತಂದರೂ ತರಬಹುದು, ಏರ್‌ಪೋರ್ಟಿನ ಹತ್ತಿರ ಹಳದಿ ಬೋರ್ಡಿನದು ಆಗಲೇ ಓಡಾಡುತ್ತಿದೆ, ಆಗ ನಿನ್ನ ಪುಸ್ತಕ ಏನಾಗುತ್ತೆ ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಬೀಸೆಕಲ್ಲು ಕೂಡ ಹೆಚ್ಚು ದಿನ ಬೀಸೆಕಲ್ಲಾಗಿ ಉಳಿಯಲಿಲ್ಲ.

ಆದರೆ ಅಪ್ಪನ ಗಾಡಿಗೆ ವಯಸ್ಸಾಗಿದೆ. ಎಂಟು ವರ್ಷ ದಾಟಿದ ಹಳದಿ ಬೋರ್ಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಪ್ರತಿ ಸಲವೂ ಅದಕ್ಕಿಂತ ಮುಂಚೆ ಜೆ.ಸಿ. ರಸ್ತೆಯಲ್ಲಿ ಒಂದಷ್ಟು ದುಡ್ಡು ಸುರಿಯಬೇಕು. ಇನ್ನೆಷ್ಟು ವರ್ಷ ಓಡಿಸುವುದು, ಸಾಲ ಮಾಡಿ ಕ್ರಿಸ್ಟಾ ತೆಗೆಯುವುದೋ, ಇರುವುದನ್ನು ಮಾರಿ ಆಕ್ಟಿಂಗ್ ಡ್ರೈವರಾಗಿಯೇ ಇರುವುದೋ ಎಂದು ಮನೆಯಲ್ಲಿ ಮಾತು ನಡೆಯುತ್ತಿದೆ. ನನ್ನ ಫೆಲೋಶಿಪ್ಪು ಇನ್ನೊಂದು ವರ್ಷಕ್ಕೆ ಮುಗಿಯುತ್ತದೆ ಎಂಬುದೂ ಆ ಮಾತಿನೊಳಗೆ ಸೇರಿಕೊಂಡಿದೆ.

ಹೋದ ವಾರ ಈ ಲೇಖನದ ಕೊನೆಯ ಕರಡು ಹಿಡಿದುಕೊಂಡು ಬೆಳಿಗ್ಗೆ ಅಪ್ಪನ ಪಕ್ಕ ಗಾಡಿಯಲ್ಲಿ ಕೂತಿದ್ದೆ. ವಾಚಕರ ಪತ್ರ ಬರೆಯುವುದಾದರೆ ಹೈಕ್ರಾಸಿನ ಬಗ್ಗೆ ಏನು ಬರೆಯುತ್ತೀರಿ ಎಂದು ಕೇಳಿದೆ.

"ಗಾಡಿ ಚೆನ್ನಾಗಿದೆ ಅಂತ ಬರಿ. ಇಲ್ಲ ಅಂದ್ರೆ ಸುಳ್ಳಾಗುತ್ತೆ."

ಆಮೇಲೆ?

"ಆಮೇಲೆ ಇಳಿ. ಎಫ್‌ಸಿಗೆ ಟೈಮ್ ಆಯ್ತು. ಇಳಿಯೋವಾಗ ಡಿಕ್ಕೀಲಿರೋ ಆ ಮಣೆ ತೆಗೆದು ಒಳಗಿಡು, ಸುಮ್ನೆ ಸದ್ದು ಮಾಡುತ್ತೆ."